ಹೆಂಪ್ ಬಿಸಿನೆಸ್ ಮಾಡ್ಬೇಕು ಅಂತಿದೀರಾ? ಮೊದಲು ಬೀಜನಾ, ಎಲೆನಾ, ಹೂವಾ ಅಂತ ತೀರ್ಮಾನ ಮಾಡ್ಕೊಳ್ಳಿ

ಹೋದ ತಿಂಗಳು ಶಿರಾ ಕಡೆಯಿಂದ ಒಬ್ರು ರೈತರು ಫೋನ್ ಮಾಡಿದ್ರು. ಎರಡು ಎಕರೆ ಇದೆ, ಬೋರಲ್ಲಿ ನೀರಿದೆ, ಹೆಂಪ್ ಹಾಕ್ತೀನಿ, ಯಾರೋ ಕನ್ಸಲ್ಟೆಂಟ್ ಸಿಕ್ಕಿದಾರೆ, ಬೀಜನೂ ಅವರೇ ಕೊಡ್ತಾರಂತೆ ಲೈಸೆನ್ಸೂ ಅವರೇ ಮಾಡಿಸ್ತಾರಂತೆ, ಅಡ್ವಾನ್ಸ್ ಅಂತ 80 ಸಾವಿರ ಕೇಳ್ತಿದಾರೆ, ಕೊಡ್ಲಾ ಅಂತ. ಕೊಡ್ಬೇಡಿ ಅಣ್ಣ, ಒಂದು ರೂಪಾಯಿನೂ ಕೊಡ್ಬೇಡಿ ಅಂದೆ. ಅವರಿಗೆ ಫೋನಲ್ಲಿ ಅರ್ಧ ಗಂಟೆ ಹೇಳಿದ್ದನ್ನೇ ಇನ್ನೂ ಸ್ವಲ್ಪ ವಿವರವಾಗಿ ಇಲ್ಲಿ ಬರೀತಿದೀನಿ, ಯಾಕಂದ್ರೆ ಈ ವಿಷಯದಲ್ಲಿ ಒಳ್ಳೆ ಮನಸ್ಸಿಂದ ದುಡ್ಡು ಹಾಕಿ ಕೈಸುಟ್ಟುಕೊಂಡೋರನ್ನ ನಾನು ತುಂಬಾ ಜನ ನೋಡಿದೀನಿ, ಬೇಜಾರಾಗತ್ತೆ.

ನಾನು ವಕೀಲ ಅಲ್ಲ. ಮೈಸೂರಲ್ಲಿ ನಾನು, ನಮ್ಮಮ್ಮ, ಜೊತೆಗೆ ಇಬ್ಬರು ಅಕ್ಕಂದಿರು ಸೇರಿ ಚಟ್ನಿಪುಡಿ ಮಾಡಿ ಮಾರ್ತೀವಿ, ಅಗಸೆ, ಹುಚ್ಚೆಳ್ಳು, ಶೇಂಗಾ, ಅದರ ಜೊತೆ ಹೆಂಪ್ ಬೀಜದ್ದೂ ಒಂದು. ಆ ಒಂದು ಪುಡಿಗೋಸ್ಕರ ಓದಿದ ಕಾನೂನು, ಅಲೆದ ಆಫೀಸು, ಕಟ್ಟಿದ ಲ್ಯಾಬ್ ಫೀಸು ಬೇರೆ ಎಲ್ಲಾ ಪುಡಿಗಳದ್ದೂ ಸೇರಿಸಿದ್ರೂ ಆಗಿರಲಿಲ್ಲ.

ಮೊದಲು ಬುಡದಿಂದ ಶುರು ಮಾಡೋಣ. ಹೆಂಪ್ ಅಂದ್ರೆ ಗಾಂಜಾ ಬರೋ ಅದೇ ಕ್ಯಾನಬಿಸ್ ಗಿಡ. ಎಲ್ಲಕ್ಕೂ ಮೇಲಿರೋದು 1985ರ ಎನ್‌ಡಿಪಿಎಸ್ ಕಾಯ್ದೆ, ಅಂದ್ರೆ ಮಾದಕ ವಸ್ತುಗಳ ಕಾಯ್ದೆ. ಅದರ 2ನೇ ಸೆಕ್ಷನ್ನಲ್ಲಿ ಗಾಂಜಾ ಅಂದ್ರೆ ಏನು ಅಂತ ಬರೆದಿದಾರೆ: ಆ ಗಿಡದ ಹೂವಿನ ಅಥವಾ ಕಾಯಿ ಕಟ್ಟಿದ ತುದಿ. ಬೀಜ ಮತ್ತು ಎಲೆ, ತುದಿಯ ಜೊತೆ ಸೇರಿಕೊಂಡಿಲ್ಲ ಅಂದ್ರೆ, ಆ ಅರ್ಥದಿಂದ ಹೊರಗೆ. ಗಿಡದಿಂದ ಬೇರ್ಪಡಿಸಿದ ಅಂಟು ಚರಸ್, ಹಶೀಶ್ ಎಣ್ಣೆನೂ ಆ ಚರಸ್ ಅನ್ನೋದರೊಳಗೇ ಬರತ್ತೆ. ನಿಮ್ಮ ಇಡೀ ಬಿಸಿನೆಸ್ ನಿಂತಿರೋದು ಈ ಒಂದು ವಾಕ್ಯದ ಮೇಲೆ. ಅದಕ್ಕೇ ಯಾರಾದ್ರೂ "ಹೆಂಪ್ ಲೀಗಲ್ಲಾ?" ಅಂತ ಕೇಳಿದ್ರೆ ನಾನು ತಿರುಗಿ ಕೇಳ್ತೀನಿ, ಗಿಡದ ಯಾವ ಭಾಗ ಅಂತ. ಬೀಜ ಅಂದ್ರೆ ಎಫ್‌ಎಸ್‌ಎಸ್‌ಎಐ, ಅಂದ್ರೆ ಆಹಾರ ಸುರಕ್ಷತೆ ನೋಡೋ ಕೇಂದ್ರ ಸಂಸ್ಥೆಯ ಬಾಗಿಲು. ಎಲೆ ಅಂದ್ರೆ ಆಯುಷ್ ಮತ್ತು ಅಬಕಾರಿ ಬಾಗಿಲು. ಹೂವು, ಅಂಟು ಅಂದ್ರೆ ನಮ್ಮಂಥ ಸಣ್ಣ ಬಿಸಿನೆಸ್‌ನೋರಿಗೆ ಬಾಗಿಲೇ ಇಲ್ಲ, ಅಲ್ಲಿಗೆ ಕೈ ಹಾಕ್ಲೇಬೇಡಿ.

ಬೆಳೆಯೋ ವಿಷಯಕ್ಕೆ ಬಂದ್ರೆ ಮಾತ್ರ ಭಾಗದ ಲೆಕ್ಕ ಇಲ್ಲ, ಇಡೀ ಗಿಡನೇ ಲೆಕ್ಕ. ನಾನು ಬೀಜಕ್ಕಷ್ಟೇ ಬೆಳೀತೀನಿ ಅಂದ್ರೂ ಅನುಮತಿ ಇಲ್ದೆ ಒಂದು ಗಿಡ ಹಾಕಿದ್ರೂ ಅದು 20ನೇ ಸೆಕ್ಷನ್, 10 ವರ್ಷದ ತನಕ ಕಠಿಣ ಶಿಕ್ಷೆ, 1 ಲಕ್ಷದ ತನಕ ದಂಡ. 14ನೇ ಸೆಕ್ಷನ್ನಲ್ಲಿ ನಾರು ಮತ್ತು ಬೀಜಕ್ಕೋಸ್ಕರ ಸರ್ಕಾರ ಆರ್ಡರ್ ಮಾಡಿ ಬೆಳೆಯೋಕೆ ಬಿಡಬಹುದು ಅಂತ ಇದೆ, ಆ ದಾರಿ ಹಿಡಿದೇ ಉತ್ತರಾಖಂಡ 2018ರಲ್ಲಿ ಕಮರ್ಷಿಯಲ್ ಬೆಳೆಗೆ ಅನುಮತಿ ಕೊಡೋಕೆ ಶುರು ಮಾಡಿದ್ದು, ಅಲ್ಲಿ ಗಿಡದಲ್ಲಿ ಟಿಎಚ್‌ಸಿ, ಅಂದ್ರೆ ಅಮಲು ಬರಿಸೋ ಅಂಶ, 0.3 ಪರ್ಸೆಂಟ್ ದಾಟಬಾರದು. ಹಿಮಾಚಲದಲ್ಲಿ 2025ರ ಜನವರಿಯಲ್ಲಿ ಕ್ಯಾಬಿನೆಟ್ ಒಪ್ಪಿಗೆ ಕೊಟ್ಟು ಪಾಲಂಪುರ, ನೌಣಿ ಯೂನಿವರ್ಸಿಟಿಗಳಿಗೆ ಪ್ರಾಯೋಗಿಕವಾಗಿ ಅಧ್ಯಯನ ಮಾಡೋಕೆ ಹೇಳಿದಾರೆ. ನಮ್ಮ ಕರ್ನಾಟಕದಲ್ಲಿ, ನಾನಿದನ್ನ ಬರೀತಿರೋ ಹೊತ್ತಿಗೆ, ರೈತರಿಗೆ ಅಂಥ ಆರ್ಡರ್ ಇಲ್ಲ. ಹಾಗಾಗಿ "ಲೈಸೆನ್ಸ್ ಮಾಡಿಸಿಕೊಡ್ತೀನಿ" ಅನ್ನೋ ಕನ್ಸಲ್ಟೆಂಟ್ ಹತ್ರ ಒಂದೇ ಕೇಳಿ, ಯಾವ ಸರ್ಕಾರಿ ಆದೇಶ, ಯಾವ ತಾರೀಖು, ಕಾಪಿ ಕೊಡಿ ಅಂತ. ಶಿರಾದ ಅಣ್ಣ ಹಾಗೇ ಕೇಳಿದ್ರು, ಆಮೇಲೆ ಆ ಕಡೆಯಿಂದ ಫೋನೇ ಬರಲಿಲ್ವಂತೆ.

ಇದರ ಜೊತೆ ಇನ್ನೊಂದು ಗೊಂದಲ ನಮ್ಮ ಭಾಷೆಯಲ್ಲೇ ಇದೆ. ಹಸಿರೆಲೆ ಗೊಬ್ಬರಕ್ಕೆ ಅಂತ ಹೊಲಕ್ಕೆ ಹಾಕ್ತೀವಲ್ಲ ಸೆಣಬು, ಅದಕ್ಕೆ ಇಂಗ್ಲಿಷಲ್ಲಿ ಸನ್ ಹೆಂಪ್ ಅಂತಾರೆ. ಉತ್ತರ ಕರ್ನಾಟಕದೋರು ಪಲ್ಯ ಮಾಡೋ ಪುಂಡಿಗೆ ಡೆಕ್ಕನ್ ಹೆಂಪ್ ಅಂತಾರೆ. ಎರಡಕ್ಕೂ ಗಾಂಜಾ ಗಿಡಕ್ಕೂ ಸಂಬಂಧನೇ ಇಲ್ಲ, ಬೇರೆ ಕುಟುಂಬದ ಗಿಡಗಳು. ನಮ್ಮಲ್ಲಿ ಭಂಗಿ ಸೊಪ್ಪು ಅಂತ ಹಿಂದಿನೋರು ಕರೀತಿದ್ದದ್ದು ಮಾತ್ರ ಈ ಕಾಯ್ದೆಯ ಗಿಡ. ಇನ್‌ವಾಯ್ಸ್‌ನಲ್ಲಿ ಬರೀ "ಹೆಂಪ್ ಸೀಡ್" ಅಂತ ಇದ್ರೆ ಯಾವ ಗಿಡದ್ದು ಅಂತ ಸಸ್ಯಶಾಸ್ತ್ರದ ಹೆಸರು ಬರೆಸಿಕೊಳ್ಳಿ, ಕ್ಯಾನಬಿಸ್ ಸಟೈವಾ ಅಂತ ಸ್ಪಷ್ಟವಾಗಿ ಇರಲಿ, ಮುಚ್ಚಿಡೋದ್ರಿಂದ ಯಾವ ಲಾಭನೂ ಇಲ್ಲ.

ಈಗ ಬೀಜದ ದಾರಿ. ಸಣ್ಣ ಬಂಡವಾಳದೋರಿಗೆ ನಾನು ಧೈರ್ಯವಾಗಿ ಹೇಳೋದು ಇದೊಂದೇ. 2021ರ ನವೆಂಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ನೋಟಿಫಿಕೇಷನ್ ಮಾಡಿ ಹೆಂಪ್ ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟನ್ನ ಆಹಾರ ಅಂತ ಒಪ್ಪಿಕೊಳ್ತು. ಅದಕ್ಕೆ ಮಿತಿ ಹಾಕಿದಾರೆ, ಇದನ್ನ ಗೋಡೆ ಮೇಲೆ ಬರೆದಿಟ್ಟುಕೊಳ್ಳಿ: ಬೀಜದಲ್ಲಿ ಒಟ್ಟು ಟಿಎಚ್‌ಸಿ ಕೆಜಿಗೆ 5 ಮಿಲಿಗ್ರಾಂ, ಎಣ್ಣೆಯಲ್ಲಿ ಕೆಜಿಗೆ 10 ಮಿಲಿಗ್ರಾಂ, ಬೀಜದಿಂದ ಮಾಡಿದ ಪಾನೀಯದಲ್ಲಿ ಕೆಜಿಗೆ 0.2 ಮಿಲಿಗ್ರಾಂ, ಇದಕ್ಕಿಂತ ಜಾಸ್ತಿ ಇರೋ ಹಾಗಿಲ್ಲ. ಸಿಬಿಡಿ, ಅಂದ್ರೆ ಇದೇ ಗಿಡದಲ್ಲಿರೋ ಅಮಲು ಬರಿಸದ ಇನ್ನೊಂದು ಅಂಶ, ಕೆಜಿಗೆ 75 ಮಿಲಿಗ್ರಾಂ ದಾಟಬಾರದು. ಬೀಜ ಮೊಳಕೆ ಬರೋ ಹಾಗೂ ಇರಬಾರದು. ಮನೆಯಲ್ಲಿ ನಾವು ಪ್ರತಿ ಲಾಟ್ ಬಂದಾಗ ಒಂದು ಹಿಡಿ ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿಡ್ತೀವಿ, ಹೆಸರುಕಾಳು ಮೊಳಕೆ ಕಟ್ಟೋ ಹಾಗೆ, ನಾಲ್ಕೈದು ದಿನ ಬಿಟ್ಟು ಬಿಚ್ಚಿ ನೋಡ್ತೀವಿ, ಒಂದೇ ಒಂದು ಬಾಲ ಬಂದ್ರೂ ಆ ಚೀಲ ವಾಪಸ್. ಇದು ಲ್ಯಾಬ್ ಟೆಸ್ಟ್‌ಗೆ ಬದಲಿ ಅಲ್ಲ, ಆದ್ರೆ ಸಪ್ಲೈಯರ್ ಸರಿಯಾಗಿ ಹೀಟ್ ಮಾಡಿದಾನಾ ಇಲ್ವಾ ಅನ್ನೋದು ಅವತ್ತೇ ಗೊತ್ತಾಗಿಬಿಡತ್ತೆ.

ಲ್ಯಾಬ್ ರಿಪೋರ್ಟ್ ಓದೋದು ಹೇಗೆ ಅನ್ನೋದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಎಲ್ಲಕ್ಕಿಂತ ಹೆಚ್ಚು ಜನ ಮೋಸ ಹೋಗೋದು ಇಲ್ಲೇ. ಸಪ್ಲೈಯರ್ ಒಂದು ಕಾಗದ ಕಳಿಸ್ತಾನೆ, ಅದರಲ್ಲಿ "ಟಿಎಚ್‌ಸಿ 0.3 ಪರ್ಸೆಂಟ್‌ಗಿಂತ ಕಡಿಮೆ, ಪಾಸ್" ಅಂತ ಇರತ್ತೆ. ನೋಡೋಕೆ ಚೆನ್ನಾಗಿದೆ ಅನ್ಸತ್ತೆ. ಆದ್ರೆ 0.3 ಪರ್ಸೆಂಟ್ ಅನ್ನೋದು ಹೊಲದಲ್ಲಿರೋ ಗಿಡದ ಲೆಕ್ಕ. ಲೆಕ್ಕ ಹಾಕಿ ನೋಡಿ, 0.3 ಪರ್ಸೆಂಟ್ ಅಂದ್ರೆ ಕೆಜಿಗೆ 3000 ಮಿಲಿಗ್ರಾಂ. ಆಹಾರದ ಬೀಜಕ್ಕೆ ಮಿತಿ 5 ಮಿಲಿಗ್ರಾಂ. 600 ಪಟ್ಟು ವ್ಯತ್ಯಾಸ. ಆ ಕಾಗದ ನಿಮ್ಮ ಕೈಲಿದ್ರೂ ಒಂದೇ, ಇಲ್ದಿದ್ರೂ ಒಂದೇ. ಇನ್ನೊಂದು ತರ ಏನಂದ್ರೆ, ರಿಪೋರ್ಟ್‌ನಲ್ಲಿ "ನಾಟ್ ಡಿಟೆಕ್ಟೆಡ್" ಅಂತ ಇರತ್ತೆ, ಪಕ್ಕದ ಕಾಲಂನಲ್ಲಿ ಎಲ್‌ಒಡಿ ಅಂತ ಒಂದು ನಂಬರ್ ಇರತ್ತೆ, ಅಂದ್ರೆ ಆ ಮೆಷಿನ್ ಕಣ್ಣಿಗೆ ಕಾಣೋ ಅತಿ ಕಡಿಮೆ ಪ್ರಮಾಣ. ಅದು 10 ಮಿಲಿಗ್ರಾಂ ಅಂತ ಇದ್ರೆ ನಿಮ್ಮ ಬೀಜದಲ್ಲಿ 8 ಇದ್ರೂ ಆ ಮೆಷಿನ್‌ಗೆ ಕಾಣಲ್ಲ, "ನಾಟ್ ಡಿಟೆಕ್ಟೆಡ್" ಅಂತಲೇ ಬರತ್ತೆ, ನೀವು ಮಾತ್ರ ಕಾನೂನು ದಾಟಿರ್ತೀರ. ಹಾಗಾಗಿ ಸ್ಯಾಂಪಲ್ ಕೊಡೋ ಮುಂಚೆನೇ ಲ್ಯಾಬ್‌ಗೆ ಮೇಲ್ ಮಾಡಿ ಕೇಳಿ: ಎನ್‌ಎಬಿಎಲ್ (ಲ್ಯಾಬ್‌ಗಳನ್ನ ಪರೀಕ್ಷಿಸೋ ಸಂಸ್ಥೆ) ಮಾನ್ಯತೆ ಈ ಟೆಸ್ಟ್‌ಗೇ ಇದೆಯಾ, ಎಫ್‌ಎಸ್‌ಎಸ್‌ಎಐ ಒಪ್ಪಿದ ಲ್ಯಾಬಾ, ಕೆಜಿಗೆ 1 ಮಿಲಿಗ್ರಾಂ ತನಕ ನೋಡೋಕೆ ಆಗತ್ತಾ, ರಿಪೋರ್ಟ್‌ನಲ್ಲಿ ಟಿಎಚ್‌ಸಿ ಒಂದೇ ಬರೀತೀರಾ ಅಥವಾ ಆಸಿಡ್ ರೂಪದಲ್ಲಿರೋ ಟಿಎಚ್‌ಸಿಎನೂ ಸೇರಿಸಿ "ಒಟ್ಟು" ಬರೀತೀರಾ. ಕಾನೂನು ಕೇಳೋದು ಒಟ್ಟು. ಉತ್ತರ ಮೇಲ್‌ನಲ್ಲೇ ಬರಲಿ, ಫೋನಲ್ಲಿ ಹೇಳಿದ್ದು ನಾಳೆ ಯಾರ ಕೈಗೂ ಸಿಗಲ್ಲ.

ಬೀಜದೊಳಗೆ ಟಿಎಚ್‌ಸಿ ಹುಟ್ಟಲ್ಲ ಅನ್ನೋದೂ ಗೊತ್ತಿರಲಿ. ಬೀಜದ ಸುತ್ತ ಇರೋ ಹೂವಿನ ಸಿಪ್ಪೆಯ ಅಂಟು ತಾಗಿ ಮೇಲ್ಮೈಗೆ ಬರೋದು. ಅದಕ್ಕೇ ಸರಿಯಾಗಿ ಕೇರಿ, ತೊಳೆದು, ಸಿಪ್ಪೆ ತೆಗೆದ ಬೀಜದಲ್ಲಿ ಸಾಮಾನ್ಯವಾಗಿ ಕಡಿಮೆ ಬರತ್ತೆ, ಕಸಕಡ್ಡಿ ಇರೋ ಬೀಜದಲ್ಲಿ ಜಾಸ್ತಿ. ನಮ್ಮಮ್ಮ ಎಳ್ಳು ಕೇರೋ ಮೊರದಲ್ಲೇ ಹೆಂಪ್ ಬೀಜ ಹರಡಿ ಕೈಯಾಡಿಸಿ ನೋಡ್ತಾರೆ, ಹಸಿರು ಪುಡಿ ಬೆರಳಿಗೆ ಅಂಟಿಕೊಳ್ತು ಅಂದ್ರೆ ಆ ಸ್ಯಾಂಪಲ್ಲನ್ನ ಲ್ಯಾಬ್‌ಗೂ ಕಳಿಸಲ್ಲ, ನೇರ ರಿಜೆಕ್ಟ್. ಹಾಗೆ ಹೂವಿನ ಚೂರು ಬೀಜದ ಜೊತೆ ಸೇರಿಕೊಂಡಿದ್ರೆ ಅದು ಆಹಾರದ ಮಿತಿಯ ಪ್ರಶ್ನೆ ಮಾತ್ರ ಅಲ್ಲ, ಮೇಲೆ ಹೇಳಿದ ಗಾಂಜಾದ ಅರ್ಥದೊಳಗೇ ಕಾಲಿಟ್ಟ ಹಾಗಾಗತ್ತೆ.

ಲೈಸೆನ್ಸ್ ಭಾಗ ನೀವು ಹೆದರೋ ಅಷ್ಟು ಕಷ್ಟ ಇಲ್ಲ. ಎಫ್‌ಎಸ್‌ಎಸ್‌ಎಐನ ಫೋಸ್ಕೋಸ್ ಪೋರ್ಟಲ್‌ನಲ್ಲಿ ಅಪ್ಲೈ ಮಾಡ್ಬೇಕು, ಟರ್ನೋವರ್ ನೋಡ್ಕೊಂಡು ರಿಜಿಸ್ಟ್ರೇಷನ್ನಾ, ರಾಜ್ಯ ಲೈಸೆನ್ಸಾ, ಕೇಂದ್ರ ಲೈಸೆನ್ಸಾ ಅಂತ ಆಗತ್ತೆ. ಸ್ಲ್ಯಾಬ್ ಆಗಾಗ ಬದಲಾಗತ್ತೆ, ಹಾಗಾಗಿ ಹಳೇ ವಿಡಿಯೋ ನಂಬಬೇಡಿ, ಅಪ್ಲೈ ಮಾಡೋ ದಿನ ಪೋರ್ಟಲ್‌ನಲ್ಲೇ ನೋಡಿ. ನೀವು ಬೀಜ ತರಿಸಿ ಸಣ್ಣ ಪ್ಯಾಕ್ ಮಾಡಿ ನಿಮ್ಮ ಹೆಸರಲ್ಲಿ ಮಾರಿದ್ರೆ ಅದು ರೀಪ್ಯಾಕಿಂಗ್, ಬರೀ ರಿಟೇಲ್ ಅಂತ ತೋರಿಸೋ ಹಾಗಿಲ್ಲ. ಹೊರದೇಶದಿಂದ ತರಿಸಿದ್ರೆ ಕೇಂದ್ರ ಲೈಸೆನ್ಸ್ ಬೇಕೇ ಬೇಕು. ಸಪ್ಲೈಯರ್ ಹತ್ರ ಅವರ ರಾಜ್ಯದ ಅನುಮತಿ ಪತ್ರದ ಕಾಪಿ ಕೇಳಿ, ಎಲ್ಲಿ ಬೆಳೆದ ಬೀಜ, ಯಾವ ಲಾಟ್ ಅಂತ ಬರೆಸಿಕೊಳ್ಳಿ. ಕೊಡೋಕೆ ಹಿಂದೆ ಮುಂದೆ ನೋಡಿದ್ರೆ ಅಲ್ಲಿಗೇ ಬಿಡಿ, ಕೆಜಿಗೆ ನೂರು ರೂಪಾಯಿ ಕಡಿಮೆ ಸಿಗತ್ತೆ ಅಂತ ಆಸೆ ಪಡಬೇಡಿ.

ಲೇಬಲ್ ವಿಷಯದಲ್ಲಿ ನನಗಾದ ನಷ್ಟ ಹೇಳ್ತೀನಿ. ಡಿಸೈನರ್ ಹುಡುಗ ತುಂಬಾ ಪ್ರೀತಿಯಿಂದ ಮಾಡಿಕೊಟ್ಟಿದ್ದ, ಮೂಲೆಯಲ್ಲಿ ಆ ಏಳು ಬೆರಳಿನ ಹಸಿರು ಎಲೆ, ಚೆಂದ ಕಾಣ್ತಿತ್ತು, 2000 ಸ್ಟಿಕ್ಕರ್ ಪ್ರಿಂಟ್ ಆಗಿ ಬಂತು. ಆಮೇಲೆ ನೋಟಿಫಿಕೇಷನ್ ಪೂರ್ತಿ ಓದಿದಾಗ ಗೊತ್ತಾಯ್ತು, ಬೀಜ ಬಿಟ್ಟು ಗಿಡದ ಬೇರೆ ಯಾವ ಭಾಗದ ಚಿತ್ರನೂ ಹಾಕೋ ಹಾಗಿಲ್ಲ, ಎಲೆ ಅಂತೂ ಹೆಸರು ಹಿಡಿದೇ ಬರೆದಿದಾರೆ. ಅಮಲು ಬರತ್ತೆ ಅನ್ನೋ ಅರ್ಥ ಕೊಡೋ ಯಾವ ಪದನೂ ಇರಬಾರದು, ಸಿಬಿಡಿ ಬಗ್ಗೆ ಪೌಷ್ಟಿಕಾಂಶದ ಅಥವಾ ಆರೋಗ್ಯದ ಕ್ಲೇಮ್ ಹಾಕಬಾರದು. ಆ 2000 ಸ್ಟಿಕ್ಕರ್ ಒಲೆಗೆ ಹಾಕಿದ್ವಿ. ಮಿಕ್ಕಿದ್ದೆಲ್ಲಾ ಬೇರೆ ಆಹಾರಕ್ಕೆ ಇರೋ ಹಾಗೇ, ಪದಾರ್ಥಗಳ ಪಟ್ಟಿ, ಪೌಷ್ಟಿಕಾಂಶದ ಟೇಬಲ್, ಹಸಿರು ಚುಕ್ಕೆ, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ಬ್ಯಾಚ್, ತಾರೀಖು, ಎಂಆರ್‌ಪಿ, ತೂಕ, ಕಂಪ್ಲೇಂಟ್‌ಗೆ ಫೋನ್ ನಂಬರ್. ಮಿಸ್‌ಬ್ರ್ಯಾಂಡಿಂಗ್, ಅಂದ್ರೆ ಲೇಬಲ್ ತಪ್ಪು, ಅಂತ ಆದ್ರೆ 3 ಲಕ್ಷದ ತನಕ ದಂಡ, ದಾರಿ ತಪ್ಪಿಸೋ ಜಾಹೀರಾತು ಅಂತ ಆದ್ರೆ 10 ಲಕ್ಷದ ತನಕ, ಆಹಾರ ಸುರಕ್ಷತಾ ಕಾಯ್ದೆಯಲ್ಲೇ ಇದೆ.

ಈಗ ಎಲ್ಲರೂ ಕೇಳೋ ಸಿಬಿಡಿ ಗಮ್ಮಿ, ಅಂದ್ರೆ ಜೆಲ್ಲಿ ತರದ ಮಿಠಾಯಿ. ಹೊರದೇಶದ ವಿಡಿಯೋ ನೋಡಿ ನಾವೂ ಮಾಡೋಣ ಅಂತ ಬರ್ತಾರೆ, ಒಂದೊಂದು ಗಮ್ಮಿಯಲ್ಲಿ 10 ಮಿಲಿಗ್ರಾಂ, 25 ಮಿಲಿಗ್ರಾಂ ಸಿಬಿಡಿ. ಆಹಾರದ ಲೈಸೆನ್ಸ್‌ನಲ್ಲಿ ಇದು ಸಾಧ್ಯನೇ ಇಲ್ಲ, ಲೆಕ್ಕ ಇಷ್ಟೇ: ಕೆಜಿಗೆ 75 ಮಿಲಿಗ್ರಾಂ ಅಂದ್ರೆ 3 ಗ್ರಾಂ ತೂಕದ ಗಮ್ಮಿಯಲ್ಲಿ 0.225 ಮಿಲಿಗ್ರಾಂ. ಅದಕ್ಕಿಂತ ಜಾಸ್ತಿ ಹಾಕಿ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಹಾಕಿ ಮಾರೋ ಪ್ಯಾಕೆಟ್ ನಿಮ್ಮ ಅಂಗಡಿಗೆ ಬಂದ್ರೆ ಇಟ್ಟುಕೊಳ್ಳಬೇಡಿ, ಅವರು ಎಷ್ಟೇ ಮಾರ್ಜಿನ್ ಕೊಡ್ಲಿ.

ಸಿಬಿಡಿ ಇರೋ ವಸ್ತುಗಳು ನಮ್ಮಲ್ಲಿ ಕಾನೂನುಬದ್ಧವಾಗಿ ಬರೋದು ಎಲೆಯಿಂದ, ಆಯುರ್ವೇದ ಔಷಧಿ ಅಂತ. ಗ್ರಂಥಗಳಲ್ಲಿ ಇದಕ್ಕೆ ವಿಜಯಾ ಅಂತ ಹೆಸರು, ಜಾತೀಫಲಾದಿ ಚೂರ್ಣದಂಥ ಹಳೇ ಔಷಧಿಗಳಲ್ಲಿ ಇದೆ. ಇದು 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆಯ ಕೆಳಗೆ ಬರತ್ತೆ. ತಯಾರು ಮಾಡೋಕೆ 24-ಡಿ ಫಾರಂನಲ್ಲಿ ಅರ್ಜಿ, 25-ಡಿಯಲ್ಲಿ ಲೈಸೆನ್ಸ್, ಶೆಡ್ಯೂಲ್ ಟಿ ಪ್ರಕಾರ ಜಿಎಂಪಿ (ಒಳ್ಳೆ ತಯಾರಿಕೆಯ ನಿಯಮ) ಪಾಲಿಸೋ ಜಾಗ, ಅರ್ಹತೆ ಇರೋ ಟೆಕ್ನಿಕಲ್ ಸಿಬ್ಬಂದಿ. ಅರ್ಜಿ ಇ-ಔಷಧಿ ಪೋರ್ಟಲ್‌ನಲ್ಲಿ, ನೋಡೋರು ರಾಜ್ಯದ ಆಯುಷ್ ಇಲಾಖೆಯ ಲೈಸೆನ್ಸಿಂಗ್ ಅಧಿಕಾರಿ. ಭಾಂಗ್, ಅಂದ್ರೆ ಇದೇ ವಿಜಯಾ, ಬೀಜ ಬಿಟ್ಟು ಮಿಕ್ಕಿದ್ದು, ಶೆಡ್ಯೂಲ್ ಇ(1)ರಲ್ಲಿ ವಿಷ ಪದಾರ್ಥಗಳ ಪಟ್ಟಿಯಲ್ಲಿದೆ, ದತ್ತೂರಿ, ವತ್ಸನಾಭಿ ಜೊತೆಗೆ. ಅಂದ್ರೆ ಹೊಟ್ಟೆಗೆ ತಗೊಳ್ಳೋ ಔಷಧಿಯ ಲೇಬಲ್ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ತಗೋಬೇಕು ಅನ್ನೋ ಎಚ್ಚರಿಕೆ ಇಂಗ್ಲಿಷಲ್ಲೂ ಹಿಂದಿಯಲ್ಲೂ ಇರಲೇಬೇಕು. ಆಯುರ್ವೇದ ಔಷಧಿ ಮಾರೋ ಅಂಗಡಿಗೆ ಅಲೋಪತಿ ಮೆಡಿಕಲ್ ಸ್ಟೋರ್‌ಗೆ ಬೇಕಾಗೋ ಹಾಗೆ ಸೇಲ್ ಲೈಸೆನ್ಸ್ ಆ ಕಾಯ್ದೆಯಲ್ಲಿ ಕೇಳಲ್ಲ, ನಿಜ, ಆದ್ರೆ ಅದನ್ನೇ ಹಿಡ್ಕೊಂಡು ಚೀಟಿ ಇಲ್ದೆ ಕೌಂಟರ್ ಮೇಲೆ ಚಾಕಲೇಟ್ ತರ ಮಾರೋದು ನನ್ನ ಪ್ರಕಾರ ದೊಡ್ಡ ತಪ್ಪು. ವೈದ್ಯರ ಚೀಟಿ ನೋಡಿ, ರಿಜಿಸ್ಟರ್‌ನಲ್ಲಿ ಬರೆದು, ಕಾಪಿ ಇಟ್ಟುಕೊಂಡು ಕೊಡಿ. ನಿದ್ದೆ ಬರದ ವಯಸ್ಸಾದೋರು, ಬೇರೆ ಮಾತ್ರೆ ನುಂಗ್ತಿರೋರು ಬಂದು ಕೇಳ್ತಾರೆ, ಅವರ ದೇಹಕ್ಕೆ ಏನಾಗತ್ತೆ ಅನ್ನೋದು ಅಂಗಡಿಯೋರಿಗೆ ಗೊತ್ತಿರಲ್ಲ.

ಎಲೆ ಎಲ್ಲಿಂದ ತರಿಸೋದು ಅನ್ನೋದೇ ಈ ದಾರಿಯ ಕಷ್ಟ. ಎಲೆ ಎನ್‌ಡಿಪಿಎಸ್‌ನ ಗಾಂಜಾ ಅರ್ಥದಲ್ಲಿ ಬರಲ್ಲ ಅಂದ್ರೂ ರಾಜ್ಯಗಳ ಅಬಕಾರಿ ಕಾನೂನು ಬಿಡಲ್ಲ, ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ. ಕಳಿಸೋ ರಾಜ್ಯದ ಅಬಕಾರಿ, ತರಿಸೋ ರಾಜ್ಯದ ಅಬಕಾರಿ, ಎರಡೂ ಕಡೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಉತ್ತರ ತಗೊಂಡ ಮೇಲೇ ಲಾರಿ ಹತ್ತಿಸಿ. ಇಲ್ಲಿ ತುಂಬಾ ಜನ ನನಗೆ 2022ರ ಕರ್ನಾಟಕ ಹೈಕೋರ್ಟ್ ಆದೇಶ ಕಳಿಸ್ತಾರೆ, ಭಾಂಗ್ ಎನ್‌ಡಿಪಿಎಸ್‌ಗೆ ಬರಲ್ಲ ಅಂತ ಕೋರ್ಟೇ ಹೇಳಿದೆ ನೋಡಿ ಅಂತ. ಅದು ಬೆಂಗಳೂರಲ್ಲಿ 29 ಕೆಜಿ ಭಾಂಗ್ ಸಿಕ್ಕ ಕೇಸಿನ ಜಾಮೀನು ಆದೇಶ. ಆ ಭಾಂಗ್ ಚರಸ್‌ನಿಂದ ಅಥವಾ ಗಾಂಜಾದಿಂದ ಮಾಡಿದ್ದು ಅಂತ ತೋರಿಸೋ ದಾಖಲೆ ಇಲ್ಲ ಅಂತ ಜಾಮೀನು ಕೊಟ್ರು. ಕೊಡೋ ತನಕ ಆ ಮನುಷ್ಯ ಒಳಗೇ ಇದ್ದ. ಅದನ್ನ ಲೈಸೆನ್ಸ್ ತರ ಫ್ರೇಮ್ ಹಾಕಿಸಿ ಅಂಗಡಿಯಲ್ಲಿ ನೇತು ಹಾಕಿ ವ್ಯಾಪಾರ ಮಾಡೋಕೆ ಆಗಲ್ಲ.

ಸೋಪು, ಕ್ರೀಮು, ತಲೆಗೆ ಎಣ್ಣೆ ಮಾಡೋರಿಗೆ ಎರಡೇ ಮಾತು. ಬೀಜದ ಎಣ್ಣೆ ಹಾಕಿ ಮಾಡಿ, 2020ರ ಕಾಸ್ಮೆಟಿಕ್ಸ್ ರೂಲ್ಸ್ ಪ್ರಕಾರ ಔಷಧ ನಿಯಂತ್ರಣ ಇಲಾಖೆಯಲ್ಲಿ ಸಿಒಎಸ್-5 ಅರ್ಜಿ, ಸಿಒಎಸ್-8 ಲೈಸೆನ್ಸ್. ಮನೆಯಲ್ಲೇ ಮಾಡ್ತೀನಿ, ಹ್ಯಾಂಡ್‌ಮೇಡ್, ನನಗ್ಯಾಕೆ ಅಂತ ಅನ್ನೋ ಹಾಗಿಲ್ಲ. ಸ್ವಂತ ಯೂನಿಟ್ ಇಲ್ಲ ಅಂದ್ರೆ ಲೈಸೆನ್ಸ್ ಇರೋ ಯೂನಿಟ್‌ನಲ್ಲಿ ಮಾಡಿಸಿ.

ಆಹಾರ ಆಗ್ಲಿ, ಔಷಧಿ ಆಗ್ಲಿ, ಸೋಪ್ ಆಗ್ಲಿ, ಕಾಯಿಲೆ ವಾಸಿ ಆಗತ್ತೆ ಅಂತ ಬರೀಬೇಡಿ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪಟ್ಟಿಯಲ್ಲಿ ಕ್ಯಾನ್ಸರ್, ಡಯಾಬಿಟಿಸ್, ಮೂರ್ಛೆರೋಗ ಸೇರಿ 54 ಕಾಯಿಲೆ, ಸಮಸ್ಯೆಗಳಿವೆ, ಅವಕ್ಕೆ ಮದ್ದು ಅಂತ ಜಾಹೀರಾತು ಕೊಟ್ರೆ ಮೊದಲ ಸಲಕ್ಕೇ 6 ತಿಂಗಳ ತನಕ ಜೈಲು ಆಗಬಹುದು. ಇನ್‌ಸ್ಟಾಗ್ರಾಂ ರೀಲು, ವಾಟ್ಸಾಪ್ ಸ್ಟೇಟಸ್ಸೂ ಜಾಹೀರಾತೇ. ಗ್ರಾಹಕರೊಬ್ರು ನಮ್ಮ ಚಟ್ನಿಪುಡಿ ತಿಂದು ಅಮ್ಮನ ಮಂಡಿನೋವು ಹೋಯ್ತು ಅಂತ ಪ್ರೀತಿಯಿಂದ ವಿಡಿಯೋ ಕಳಿಸಿದ್ರು, ಥ್ಯಾಂಕ್ಸ್ ಹೇಳಿದೆ, ಹಾಕ್ಲಿಲ್ಲ.

ಪಾರ್ಸೆಲ್ ವಿಷಯ. ನಮ್ಮದೊಂದು ಬಾಕ್ಸ್ ಹುಬ್ಬಳ್ಳಿಯ ಕೊರಿಯರ್ ಗೋಡೌನ್‌ನಲ್ಲಿ ಆರು ದಿನ ನಿಂತಿತ್ತು, ಮೇಲೆ ಹೆಂಪ್ ಅಂತ ಇದ್ದಿದ್ದು ನೋಡಿ ಅಲ್ಲಿನ ಹುಡುಗರು ಹೆದರಿ ಪಕ್ಕಕ್ಕಿಟ್ಟಿದ್ರು, ಅವರ ತಪ್ಪಲ್ಲ. ಅವತ್ತಿಂದ ಬಾಕ್ಸ್ ಹೊರಗಡೆನೇ ಪ್ಲಾಸ್ಟಿಕ್ ಪೌಚ್‌ನಲ್ಲಿ ಇನ್‌ವಾಯ್ಸ್, ಎಫ್‌ಎಸ್‌ಎಸ್‌ಎಐ ಸರ್ಟಿಫಿಕೇಟ್, ಆ ಬ್ಯಾಚಿನ ಲ್ಯಾಬ್ ರಿಪೋರ್ಟ್, ಜೊತೆಗೆ ಕನ್ನಡದಲ್ಲಿ ನಾಲ್ಕು ಸಾಲಿನ ಒಂದು ಚೀಟಿ, ಇದು ಹುರಿದ ಬೀಜದ ಆಹಾರ, ಇದರಲ್ಲಿ ಎಲೆ ಹೂವು ಇಲ್ಲ, ಅನುಮಾನ ಇದ್ರೆ ಈ ನಂಬರ್‌ಗೆ ಫೋನ್ ಮಾಡಿ ಅಂತ. ಆಮೇಲೆ ಒಂದೂ ನಿಂತಿಲ್ಲ. ಅಂಗಡಿಯಲ್ಲೂ ಇದೇ ಕಾಗದಗಳ ಒಂದು ಫೈಲ್ ಕೈಗೆ ಸಿಗೋ ಹಾಗಿರಲಿ, ಬ್ಯಾಚ್ ಪ್ರಕಾರ ಜೋಡಿಸಿ. ಅಂಗಡಿ ಬಾಡಿಗೆದಾದ್ರೆ ಓನರ್‌ಗೂ ಏನು ಮಾರ್ತೀವಿ ಅಂತ ಮೊದಲೇ ತೋರಿಸಿ ಹೇಳಿಬಿಡಿ, ಬೇರೆಯೋರ ಬಾಯಿಂದ ಗಾಂಜಾ ಅಂತ ಕೇಳಿ ಗಾಬರಿ ಆಗೋದು ಬೇಡ.

ಆಹಾರ ಸುರಕ್ಷತಾ ಅಧಿಕಾರಿ ಸ್ಯಾಂಪಲ್ ತಗೊಳೋಕೆ ಬಂದ್ರೆ ಗಾಬರಿ ಆಗ್ಬೇಡಿ, ಟೀ ಕೊಡಿ, ಸಹಕರಿಸಿ, ಆದ್ರೆ ನಿಮ್ಮ ಹಕ್ಕು ಗೊತ್ತಿರಲಿ. ಸ್ಯಾಂಪಲ್ಲನ್ನ ನಾಲ್ಕು ಭಾಗ ಮಾಡಿ ಸೀಲ್ ಮಾಡ್ಬೇಕು, ಒಂದು ಫುಡ್ ಅನಲಿಸ್ಟ್‌ಗೆ ಹೋಗತ್ತೆ, ಎರಡು ಅಂಕಿತ ಅಧಿಕಾರಿ (ಡೆಸಿಗ್ನೇಟೆಡ್ ಆಫೀಸರ್) ಹತ್ರ ಇರತ್ತೆ, ನಾಲ್ಕನೇದನ್ನ ಮಾನ್ಯತೆ ಇರೋ ಲ್ಯಾಬ್‌ಗೆ ಕಳಿಸಿ ಅಂತ ನೀವು ಅಲ್ಲೇ ಬರವಣಿಗೆಯಲ್ಲಿ ಕೇಳಬಹುದು, ಅದರ ಫೀಸ್ ನಿಮ್ಮದು. ಕೇಳಿ, ದುಡ್ಡು ಹೋದ್ರೆ ಹೋಗ್ಲಿ. ಅನಲಿಸ್ಟ್ ರಿಪೋರ್ಟ್ ನಿಮಗೆ ವಿರುದ್ಧ ಬಂದ್ರೆ ಕೈಗೆ ಸಿಕ್ಕ 30 ದಿನದೊಳಗೆ ಅಂಕಿತ ಅಧಿಕಾರಿಗೆ ಅಪೀಲ್ ಹಾಕ್ಬೇಕು, ಆಗ ಅವರ ಹತ್ರ ಇರೋ ಭಾಗ ರೆಫರಲ್ ಲ್ಯಾಬ್‌ಗೆ ಹೋಗಬಹುದು. ರಿಪೋರ್ಟ್ ಬಂದ ಕವರ್ ಮೇಲಿನ ತಾರೀಖಿನ ಫೋಟೋ ಅವತ್ತೇ ತೆಗೆದಿಟ್ಟುಕೊಳ್ಳಿ, ಆ 30 ದಿನ ಎಣಿಸೋದು ಅಲ್ಲಿಂದ.